ಹೊಗೆಯ ನಾಡಿ ಬಲ್ಲವರು
ಪುಣೆಯ ನಾನಾ ಪೇಟೆಯಲ್ಲಿ ಹಳೆಯ ಕಾರಿಗೆ ಹೊಸ ಆಕ್ಸಿಜನ್ ಸೆನ್ಸರ್ ಕೊಳ್ಳುವುದು ಸುಲಭ. ಅದನ್ನು ಹಾಕಿದ ಮೇಲೂ ಎಂಜಿನ್ ದೀಪ ಮತ್ತೆ ಮತ್ತೆ ಹೊತ್ತಿಕೊಂಡಾಗ ಒಳ್ಳೆಯ ಮೆಕ್ಯಾನಿಕ್‌ನ ಬೆಲೆ ತಿಳಿಯುತ್ತದೆ.

1976ರಲ್ಲಿ ಬಾಷ್ ಕಂಪನಿ ವೋಲ್ವೋ ಕಾರಿಗೆ ಕೊಟ್ಟ ಈ ಸೆನ್ಸರ್ ಇವತ್ತಿಗೂ ಅಚ್ಚರಿಯೇ. ಕಾದ ಜಿರ್ಕೋನಿಯಾ ಪಿಂಗಾಣಿ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಹೊರಗಾಳಿಯೊಡನೆ ಹೋಲಿಸಿ ವೋಲ್ಟೇಜ್ ಕೊಡುತ್ತದೆ. ಪೆಟ್ರೋಲ್ ಹೆಚ್ಚಾದರೆ ಸುಮಾರು 0.9 ವೋಲ್ಟ್, ಗಾಳಿ ಹೆಚ್ಚಾದರೆ 0.1.

ಬಲ್ಲ ಮೆಕ್ಯಾನಿಕ್ ಎಂಜಿನ್ನಿನ ದೋಷದ ಕೋಡ್ ಓದಿದ ಕೂಡಲೇ ಸೆನ್ಸರ್ ಬಿಚ್ಚುವುದಿಲ್ಲ. ಸೆನ್ಸರನ್ನು ಕಾಯಿಸುವ ಹೀಟರಿನ ಫ್ಯೂಸ್ ನೋಡುತ್ತಾನೆ. ಬಿಸಿ ಪೈಪಿಗೆ ತಗುಲಿ ಕರಗಿದ ವೈರ್ ಹುಡುಕುತ್ತಾನೆ. ಸೆನ್ಸರಿಗಿಂತ ಮುಂಚಿನ ಜಾಗದಲ್ಲಿ ಎಗ್ಸಾಸ್ಟ್ ಗ್ಯಾಸ್ಕೆಟ್ ಸೀಳಿಹೋಗಿದ್ದರೆ ಹೊರಗಾಳಿ ಒಳಸೇರಿ ಲೆಕ್ಕ ತಪ್ಪುತ್ತದೆಂದು ಅವನಿಗೆ ಗೊತ್ತು.

ಬಿಡಿಭಾಗ ಬದಲಿಸುವ ಕೈಗಳು ಬಹಳ. ಕಾರಣ ಹುಡುಕುವ ಈ ತಾಳ್ಮೆ ದೊಡ್ಡ ವಿದ್ಯೆ. ಅದಕ್ಕೆ ಕೊಡುವ ಕೂಲಿ ಎಂದೂ ದುಬಾರಿಯಲ್ಲ.