'ತನ್ನ ವೇಗ' ಎಂಬ ನೆಪ

ಸರ್ಕಾರಿ ಕನ್ನಡ ಶಾಲೆಗಳ ನಲಿಕಲಿ ಪದ್ಧತಿಯ ಬಗ್ಗೆ ನಮ್ಮಲ್ಲಿ ಎರಡೇ ಮಾತು. ಹೊಗಳುವವರಿಗೆ ಅದು ಹಾಡು, ಆಟ, ಚಪ್ಪರಕ್ಕೆ ತೂಗುಹಾಕಿದ ಚಿತ್ರ. ತೆಗಳುವವರಿಗೂ ಕಾಣುವುದು ಅಷ್ಟೇ: 'ಆಡ್ಕೊಂಡು ಬರ್ತವೆ, ಅಆಇಈ ನೆಟ್ಟಗೆ ಬರಲ್ಲ.' ಈ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ. ನನ್ನ ತಕರಾರು ತರಬೇತಿಗಳಲ್ಲಿ ಮಂತ್ರದಂತೆ ಪಠಿಸುವ ಒಂದು ವಾಕ್ಯದ ಮೇಲೆ: ಪ್ರತಿ ಮಗುವೂ ತನ್ನದೇ ವೇಗದಲ್ಲಿ ಕಲಿಯಲಿ.

1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ರಿಷಿ ವ್ಯಾಲಿ ಶಾಲೆಯ ಪ್ರಯೋಗ ನೋಡಿ ಬಂದು ಈ ಪದ್ಧತಿಯನ್ನು ಕಟ್ಟಿದಾಗ, ಅದರ ಜೀವ ಇದ್ದದ್ದು ಹಾಡಿನಲ್ಲಲ್ಲ, ಪಾಠಗಳನ್ನು ಸಣ್ಣ ಮೆಟ್ಟಿಲುಗಳಾಗಿ ಜೋಡಿಸಿದ ಕಲಿಕಾ ಏಣಿಯಲ್ಲಿ. ಕೊಡಗಿನ ಕಾಫಿ ಕುಯ್ಲಿಗೆ ಅಪ್ಪ ಅಮ್ಮನ ಜೊತೆ ಹೋದ ಮಗು ಎರಡು ತಿಂಗಳು ಬಿಟ್ಟು ಬಂದರೂ, ನಿಲ್ಲಿಸಿದ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಅಕ್ಷರಗಳ ಕ್ರಮವೂ ಅಷ್ಟೇ ಜಾಣತನದ್ದು. 'ರ ಗ ಸ ದ ಅ' ಎಂಬ ಐದು ಅಕ್ಷರ ಬಂದರೆ ಸರ, ಅಗಸ, ಅರಸ ಓದಬಹುದು. ವರ್ಣಮಾಲೆಯ ಸಾಲಿನಲ್ಲಿ ಹೊರಟ ಮಗುವಿಗೆ ಅಷ್ಟು ಹೊತ್ತಿಗೆ ಜೋಡಿಸಿ ಓದಲು ಒಂದು ಪದವೂ ದಕ್ಕಿರುವುದಿಲ್ಲ. ಇದನ್ನು ಅಲ್ಲಗಳೆಯುವವನು ನಾನಲ್ಲ.

ಆದರೆ ಒಂದು ಶಾಲೆಯಲ್ಲಿ ನಾನು ಕಂಡದ್ದು ಇದು. ಮಕ್ಕಳು ಒಬ್ಬರಿಗೊಬ್ಬರು ನೆರವಾಗುವ ಗುಂಪು, ಅಂದರೆ 'ಸಹಪಾಠಿ ಬೆಂಬಲಿತ ತಟ್ಟೆ'; ಅದರ ಸುತ್ತ ನಾಲ್ಕು ಮಕ್ಕಳು. ಕಿರೀಟ ತೊಟ್ಟವನ ಚಿತ್ರ, ಕೆಳಗೆ 'ಅರಸ' ಎಂಬ ಪದ. ಹುಡುಗ ಬೆರಳಿಟ್ಟು 'ರಾಜ' ಎಂದ. ಪಕ್ಕದ ಹುಡುಗಿ 'ಹ್ಞೂಂ, ಸರಿ' ಎಂದು ಕಾರ್ಡು ಮಗುಚಿದಳು. ಅವಳದೇನೂ ತಪ್ಪಿಲ್ಲ, ಅರ್ಥ ಸರಿಯಾಗಿಯೇ ಇತ್ತಲ್ಲ! ಮಕ್ಕಳ ಮೆಟ್ಟಿಲು ಗುರುತಿಸುವ 'ಪ್ರಗತಿ ನೋಟ'ದಲ್ಲಿ ಹುಡುಗ ಒಂದು ಮೆಟ್ಟಿಲು ಹತ್ತಿದ. ಅವನು ಓದಿದ್ದು ಚಿತ್ರವನ್ನು, ಅಕ್ಷರವನ್ನಲ್ಲ ಎಂಬುದು ಯಾರ ದಾಖಲೆಗೂ ಬರಲಿಲ್ಲ. ಸ್ವಕಲಿಕೆಯ ತಟ್ಟೆಯಲ್ಲೊಬ್ಬಳು ಬಣ್ಣ ತುಂಬಿದ್ದ ಎಲೆಗೇ ಮತ್ತೆ ಹಸಿರು ತಿಕ್ಕುತ್ತಿದ್ದಳು. ಕೇಳಿದರೆ ಉತ್ತರ ಸಿದ್ಧವಿದೆ: ಅವಳ ವೇಗವೇ ಅಷ್ಟು.

ವೇಗ ಎಂಬುದು ಕಣ್ಣಿನ ಬಣ್ಣದ ಹಾಗೆ ಮಗು ಹುಟ್ಟುತ್ತಲೇ ತರುವ ಗುಣವೇ? ಮನೆಮಾತು ಬೇರೆ, ಹಾಜರಿ ಅರ್ಧ, ಮೇಷ್ಟ್ರು ಹತ್ತಿರ ಕೂತದ್ದು ವಾರಕ್ಕೊಮ್ಮೆ. ಇವನ್ನೆಲ್ಲ ಕೂಡಿಸಿ ಬಂದ ಮೊತ್ತಕ್ಕೆ ನಾವು 'ಮಗುವಿನ ವೇಗ' ಎಂದು ಹೆಸರಿಟ್ಟಿದ್ದೇವೆ. ಶಿಕ್ಷಣ ಮನಶ್ಶಾಸ್ತ್ರಜ್ಞ ಬೆಂಜಮಿನ್ ಬ್ಲೂಮ್ 1968ರಲ್ಲೇ, ಒಂದು ಪಾಠ ಕೈವಶವಾದ ಮೇಲೆಯೇ ಮುಂದಿನದು ಎಂಬ 'ಪಾಂಡಿತ್ಯ ಕಲಿಕೆ'ಯ ವಾದ ಮಂಡಿಸಿದಾಗ, ಸಮಯ ಕೊಟ್ಟರೆ ಸಾಕು ಎನ್ನಲಿಲ್ಲ. ಎಲ್ಲಿ ಎಡವಿದರೋ ಅಲ್ಲಿಗೆ ತಕ್ಕ ನೆರವೂ ಬೇಕು ಎಂದ. ನಾವು ಸಮಯವನ್ನಷ್ಟೇ ಇಟ್ಟುಕೊಂಡು, ದುಬಾರಿಯಾದ ಇನ್ನರ್ಧವನ್ನು ಕೈಬಿಟ್ಟೆವು.

ಮೂವತ್ತು ಮಕ್ಕಳು, ಐದು ತಟ್ಟೆ, ಒಬ್ಬರೇ ಟೀಚರ್, ಮೇಲೆ ದಾಖಲೆಗಳ ರಾಶಿ; ಏನು ಮಾಡಲಿ ಎಂದು ಶಿಕ್ಷಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. 2009-10ರಲ್ಲಿ ನಲಿಕಲಿಯನ್ನು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿಸಿದಾಗ, ಶಿಕ್ಷಕರು ತಾವೇ ಆರಿಸಿಕೊಂಡಿದ್ದ ಕೆಲಸ ಸುತ್ತೋಲೆಯಾಯಿತು ಎಂಬುದೂ ನಿಜ. ಹಾಗೆಂದು ಬೋರ್ಡಿನ ಪಾಠಕ್ಕೆ ಮರಳೋಣ ಎನ್ನುವವರ ಜೊತೆ ನಾನಿಲ್ಲ. ಅಲ್ಲಿ ಹಿಂದುಳಿದವನು ಮೂವತ್ತು ದನಿಗಳ ನಡುವೆ ಬಾಯಿ ಆಡಿಸಿಕೊಂಡು ನಾಲ್ಕನೇ ಕ್ಲಾಸು ಮುಟ್ಟುತ್ತಾನೆ. ಏಣಿ ಇದ್ದರೆ ಅವನು ಎಲ್ಲಿ ನಿಂತಿದ್ದಾನೆಂದಾದರೂ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಟೀಚರಿನ ಹೊತ್ತು ಎಲ್ಲರಿಗೂ ಸಮಪಾಲಾಗಬಾರದು. ನಿಂತವನಿಗೆ ಹೆಚ್ಚು, ಹತ್ತುತ್ತಿರುವವನಿಗೆ ಕಡಿಮೆ. ಸಮಾನತೆಯ ಹೆಸರಲ್ಲಿ ಇದನ್ನು ಹೇಳಲು ನಮಗೆ ಮುಜುಗರ.

ನಾನು ಹೇಳಿದ ಅದೇ ಶಾಲೆಯಲ್ಲಿ, ಹಾಜರಿ ಪುಸ್ತಕ ತರಲು ಎದ್ದ ಟೀಚರಮ್ಮ 'ರಾಜ' ಎಂದಿದ್ದ ಹುಡುಗನ ತಟ್ಟೆಯ ಬಳಿ ಬಗ್ಗಿದರು. ಕಾರ್ಡನ್ನು ಮತ್ತೆ ಮಗುಚಿ, ಕಿರೀಟದವನ ಮೇಲೆ ಅಂಗೈ ಮುಚ್ಚಿ, 'ಈಗ ಓದಪ್ಪ' ಎಂದರು. ಹುಡುಗ ಸುಮ್ಮನಾದ. ಅವರು ಕೈ ತೆಗೆಯಲಿಲ್ಲ. ಬಹಳ ಹೊತ್ತಿನ ಮೇಲೆ 'ಅ...' ಎಂದ.