ನಕ್ಷೆಯ ಹಿಂದಿನ ಗಲ್ಲಿ

ಸಾಮಾಜಿಕ ನೀತಿಯನ್ನು ಸ್ನಾತಕೋತ್ತರ ಮಟ್ಟದಲ್ಲಿ ಓದಬೇಕೆನ್ನುವವರಿಗೆ ಬೆಂಗಳೂರಿನಲ್ಲಿ ಈಗ ಜಾಗಗಳಿಗೆ ಕೊರತೆಯಿಲ್ಲ. ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆ 2014ರಲ್ಲಿ ಸಾರ್ವಜನಿಕ ನೀತಿಯ ಎರಡು ವರ್ಷದ ಪದವಿ ಆರಂಭಿಸಿತು. ಅದೇ ನಾಗರಬಾವಿಯಲ್ಲಿ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಐಸೆಕ್, ಇದೆ. ಸರ್ಜಾಪುರದ ಕಡೆ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ. ಒಂದು ಯೋಜನೆ ಯಾರಿಗೆ ತಲುಪಿತು, ಯಾರ ಕೈ ತಪ್ಪಿತು ಎಂದು ಅಳೆಯುವ ಕಸುಬನ್ನು ಈ ಓದು ಚೆನ್ನಾಗಿಯೇ ಕಲಿಸುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಗಾಂಧಿ ಬಜಾರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ‘ಬಿಟ್ಟಿ ಭಾಗ್ಯ’ ಎಂದು ಜರೆಯುವವರ ಎದುರು ಇಂಥ ತರಬೇತಿಗೆ ಬೆಲೆಯಿದೆ.

ನನ್ನ ತಕರಾರು ಇರುವುದು ಓದುವ ಪುಸ್ತಕಗಳ ಶ್ರೇಣಿಯಲ್ಲಿ. ಟಿಟ್ಮಸ್, ಎಸ್ಪಿಂಗ್-ಆಂಡರ್ಸನ್‌ರಂಥ ಪಾಶ್ಚಾತ್ಯ ವಿದ್ವಾಂಸರು ಬಂದರೆ ಸಿದ್ಧಾಂತ. ನಮ್ಮಲ್ಲೇ ಹಿಂದುಳಿದವರ ಬಗ್ಗೆ ಬಂದ ಮಿಲ್ಲರ್, ಹಾವನೂರು ವರದಿಗಳು ಬಂದರೆ, ಅದೂ ಬಂದರೆ, ಉದಾಹರಣೆ.

ಬಸವನಗುಡಿಯನ್ನೇ ತೆಗೆದುಕೊಳ್ಳಿ. 1898ರ ಪ್ಲೇಗಿನಲ್ಲಿ ಪೇಟೆ ತತ್ತರಿಸಿದ ಮೇಲೆ ಈ ಬಡಾವಣೆಯೂ ಮಲ್ಲೇಶ್ವರವೂ ಬೆಳೆದವು. ಗಾಳಿ ಬೆಳಕು, ಅಗಲ ರಸ್ತೆ ಎಂದು ಇಂದಿಗೂ ಹೊಗಳುತ್ತೇವೆ. ಆದರೆ ನಿವೇಶನ ಹಂಚಿದ್ದು ಜಾತಿವಾರು. ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳನ್ನು ಬಿಟ್ಟದ್ದು ಮಲ ಹೊರುವವರು ಮುಂಬಾಗಿಲಿನ ಕಣ್ಣಿಗೆ ಬೀಳದೆ ಬಂದುಹೋಗಲಿ ಎಂದು. ಆರೋಗ್ಯ ನೀತಿಯೂ ಜಾತಿ ನೀತಿಯೂ ಒಂದೇ ನಕ್ಷೆಯಲ್ಲಿ ಕೂತಿವೆ. ತಲೆಯ ಮೇಲೆ ಮಲ ಹೊರುವುದಕ್ಕೆ ನಿಷೇಧ ಬಂದದ್ದು ದೇವರಾಜ ಅರಸು ಸರ್ಕಾರದಲ್ಲಿ ಬಿ. ಬಸವಲಿಂಗಪ್ಪ ಮಂತ್ರಿಯಾಗಿದ್ದಾಗ. ಐ.ಪಿ.ಡಿ. ಸಾಲಪ್ಪ ಸಮಿತಿ 1976ರ ವರದಿಯಲ್ಲಿ 500 ಜನಕ್ಕೊಬ್ಬ ಪೌರಕಾರ್ಮಿಕ ಬೇಕೆಂದಿತು. ಪೌರಕಾರ್ಮಿಕರ ಸಂಘಟನೆಗಳ ಬಾಯಲ್ಲಿ ಸಾಲಪ್ಪನವರ ಹೆಸರು ಈಗಲೂ ಓಡಾಡುತ್ತದೆ. ತರಗತಿಯಲ್ಲಿ ಎಷ್ಟು ಕೇಳಿಬರುತ್ತದೆ?

ಮೈಸೂರು ಸಂಸ್ಥಾನದ ಮಿಲ್ಲರ್ ಸಮಿತಿಯದು ಇನ್ನೂ ದೊಡ್ಡ ಕತೆ. 1919ರಷ್ಟು ಹಿಂದೆಯೇ ಅದು, ಏಳು ವರ್ಷದೊಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧ, ಕೆಳದರ್ಜೆಯಲ್ಲಿ ಮೂರನೇ ಎರಡು ಭಾಗ ಹಿಂದುಳಿದವರಿಗೆ ಹೋಗಬೇಕು ಎಂದಿತು. ಗುರಿಯ ಜೊತೆಗೆ ಗಡುವು! ಇಂಥ ಮೀಸಲಾತಿಯನ್ನು ಒಪ್ಪದ ವಿಶ್ವೇಶ್ವರಯ್ಯನವರು ವರದಿ ಬರುವ ಮೊದಲೇ ದಿವಾನಗಿರಿ ಬಿಟ್ಟಿದ್ದರು. ದಕ್ಷತೆಯೋ ಪ್ರಾತಿನಿಧ್ಯವೋ ಎಂಬ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಯಾವ ಲಂಡನ್ನಿನಿಂದ ತರಬೇಕು? 1975ರ ಹಾವನೂರು ವರದಿ ಹಿಂದುಳಿದಿರುವಿಕೆಯನ್ನು ಅಳೆಯಲು ಎಸ್ಸೆಸ್ಸೆಲ್ಸಿ ತೇರ್ಗಡೆಯ ಪ್ರಮಾಣವನ್ನೂ ಬಳಸಿಕೊಂಡಿತು. ಆ ಅಳತೆಗೋಲು ಸರಿಯೇ, ಶಾಲೆಯ ಮೆಟ್ಟಿಲನ್ನೇ ಹತ್ತದವರು ಅದರಲ್ಲಿ ಎಲ್ಲಿ ಕಾಣುತ್ತಾರೆ ಎಂದು ಒಂದು ಸೆಮಿಸ್ಟರ್ ಪೂರ್ತಿ ಜಗಳವಾಡಬಹುದು.

ಹಳೆಯದೆಲ್ಲ ಚೆನ್ನಿತ್ತು ಎಂದು ಹೇಳುತ್ತಿಲ್ಲ. ಡಿ.ವಿ.ಜಿ. 1945ರಲ್ಲಿ ಬಸವನಗುಡಿಯಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಪದವಿಯಿಲ್ಲ, ಹಾಜರಿಯಿಲ್ಲ, ರಾಜ್ಯಶಾಸ್ತ್ರವನ್ನು ಕನ್ನಡದಲ್ಲಿ ನಾಗರಿಕನ ಮುಂದಿಟ್ಟ ಧೈರ್ಯ ದೊಡ್ಡದು. ಆದರೆ ಡಿ.ವಿ.ಜಿ.ಯವರ ಪ್ರಜೆ ಬಹುಮಟ್ಟಿಗೆ ಓದುಬಲ್ಲ, ವಿವೇಕ ಕಲಿಯಬೇಕಾದ ಗೃಹಸ್ಥ. ಹಿಂದಿನ ಗಲ್ಲಿಯಲ್ಲಿ ಬಂದುಹೋದವನು ಆ ಚಿತ್ರದಲ್ಲಿ ಮಸುಕು. ಅಲ್ಲಿ ಭಾಷೆಯಿತ್ತು, ಅಳತೆಯಿರಲಿಲ್ಲ. ಇಂದಿನ ತರಗತಿಗಳಲ್ಲಿ ಅಳತೆಯಿದೆ, ಭಾಷೆಯಿಲ್ಲ.

ಭಾಷೆಯಿಲ್ಲದ್ದರ ಪರಿಣಾಮ ಪದವಿಯ ನಂತರ ಕಾಣುತ್ತದೆ. 1963ರ ರಾಜಭಾಷಾ ಕಾಯ್ದೆಯಿರುವ ರಾಜ್ಯದಲ್ಲಿ ಪಂಚಾಯಿತಿಯ ನಡಾವಳಿ, ಅಂಗನವಾಡಿ ಕಾರ್ಯಕರ್ತೆಯ ವಹಿ, ಪಿಂಚಣಿ ಕೇಳಿ ಬರೆದ ಅರ್ಜಿ ಎಲ್ಲ ಕನ್ನಡದಲ್ಲಿ. ಸಲಹೆಗಾರರ ಸ್ಲೈಡುಗಳು ಮಾತ್ರ ಇಂಗ್ಲಿಷಿನಲ್ಲಿ. ಜಾಗತಿಕ ಚರ್ಚೆಗೆ ಇಂಗ್ಲಿಷ್ ಬೇಕು ಎಂಬ ವಾದ ನಿಜ, ಅದಕ್ಕೆ ನನ್ನ ವಿರೋಧವಿಲ್ಲ. ಒಂದು ಕಡ್ಡಾಯ ಪತ್ರಿಕೆಯನ್ನಾದರೂ ಕನ್ನಡದ ಕಡತಗಳ ಮೇಲೆ ಇಡಬಹುದು. ಮೌಖಿಕ ಪರೀಕ್ಷೆಯಲ್ಲಿ ಒಬ್ಬ ಪೌರಕಾರ್ಮಿಕರನ್ನು ಪರೀಕ್ಷಕರ ಸಾಲಿನಲ್ಲಿ ಕೂರಿಸಿ, ಪ್ರಬಂಧದ ಶಿಫಾರಸನ್ನು ಅವರಿಗೆ ವಿವರಿಸಲು ಹೇಳಬಹುದು.