ಆ ‘ಸಾರ್’ ಅನ್ನೋದು ಯಾರು?

ಕೆ. ಎಸ್. ನಿಸಾರ್ ಅಹಮದ್ ಅವರ ‘ಕುರಿಗಳು ಸಾರ್ ಕುರಿಗಳು’ ನಮ್ಮಲ್ಲಿ ಬಹಳ ಜನ ಓದುವ ಮೊದಲೇ ಬಳಸಿಬಿಟ್ಟ ಕವಿತೆ. ರಾಂಗ್ ಸೈಡಿಗೆ ಒಬ್ಬ ನುಗ್ಗಿ, ಅವನ ಹಿಂದೆ ಹತ್ತು ಬೈಕು ನುಗ್ಗಿದರೆ ಈ ಮಾತು. ಚುನಾವಣೆ ಫಲಿತಾಂಶ ಬಂದ ದಿನ ಸೋತ ಕಡೆಯವರ ಬಾಯಲ್ಲಿ ಈ ಮಾತು. 2001ರಲ್ಲಿ ಇದೇ ಹೆಸರಿನ ಹಾಸ್ಯ ಸಿನಿಮಾ ಬಂದಮೇಲಂತೂ ಹೆಸರು ಕೇಳಿದರೇ ನಗು.

ನಾನೂ ಬಳಸಿದವನೇ. ಕಳೆದ ವರ್ಷ ಆಫೀಸಿನ ಆನ್‌ಲೈನ್ ಮೀಟಿಂಗಲ್ಲಿ, ನಮ್ಮ ಟೀಮಿನ ಇಬ್ಬರನ್ನು ಕೆಲಸದಿಂದ ತೆಗೀತಿದೀವಿ ಅಂತ ಹೇಳಿದರು. ‘ಏನಾದರೂ ಕೇಳೋದಿದೆಯಾ?’ ಅಂದಾಗ ಒಬ್ಬರೂ ಉಸಿರೆತ್ತಲಿಲ್ಲ. ಮುಗಿದದ್ದೇ ತಡ, ಗೆಳತಿಗೆ ಮೆಸೇಜ್ ಹಾಕಿದೆ: ಕುರಿಗಳು ಸಾರ್ ಕುರಿಗಳು.

‘ನೀನೇನು ಕೇಳ್ದೆ?’ ಅಂತ ಉತ್ತರ ಬಂತು. ನನ್ನ ಮೈಕೂ ಮ್ಯೂಟಲ್ಲೇ ಇತ್ತು.

ಅವತ್ತು ರಾತ್ರಿ ಪದ್ಯವನ್ನು ಪೂರ್ತಿ ಓದಿದೆ. ಶಾಲೆಯಲ್ಲಿ ನಮಗೆ ಪದ್ಯ ಅಂದರೆ ಭಾವಾರ್ಥ ಬರೆಯಿರಿ, ಅಲಂಕಾರ ಹೆಸರಿಸಿ. ಕುರಿ ಅಂದರೆ ಜನ, ರೂಪಕ, ಎರಡು ಮಾರ್ಕ್ಸು. ಪದ್ಯದಲ್ಲಿ ಮಾತಾಡ್ತಿರೋದು ಯಾರು ಅಂತ ಮಾತ್ರ ಯಾರೂ ಕೇಳಲಿಲ್ಲ. ಇಲ್ಲಿ ಗುಟ್ಟೆಲ್ಲ ಇರೋದೇ ಅಲ್ಲಿ. ಇವನು ದಿಬ್ಬದ ಮೇಲೆ ನಿಂತು ಮಂದೆಯನ್ನು ನೋಡುತ್ತಿಲ್ಲ. ಶುರುವಿನಲ್ಲೇ ‘ನಾವು’, ‘ನೀವು’ ಎರಡನ್ನೂ ಮಂದೆಯೊಳಕ್ಕೆ ತಳ್ಳುತ್ತಾನೆ. ಹೇಳುವವನೂ ಕುರಿ, ಕೇಳಿಸಿಕೊಳ್ಳುವವನೂ ಕುರಿ.

ಇನ್ನು ಆ ‘ಸಾರ್’. ಅದು ಕಾವ್ಯದ ಪದವೇ ಅಲ್ಲ. ಕಚೇರಿಯ ಕೌಂಟರಿನದು, ಬಸ್ಸಿನದು. ದೂರು ಹೇಳುವಾಗಲೂ ಸ್ವಲ್ಪ ಬೆನ್ನು ಬಗ್ಗಿಸಿ ಹೇಳುವ ಪದ. ಅಂದರೆ, ನಾವು ಕುರಿಗಳಾಗಿದ್ದೇವೆ ಅನ್ನುವ ದೂರೂ ಕುರಿಯ ದನಿಯಲ್ಲೇ ಬರುತ್ತಿದೆ! ಇದನ್ನು ವ್ಯಂಗ್ಯ ಅಂದು ಸುಮ್ಮನಾದರೆ ಸಾಲದು. ವ್ಯಂಗ್ಯ ಆಡುವವನು ಸಾಮಾನ್ಯವಾಗಿ ತಾನು ಪಾರಾಗಿಬಿಡ್ತಾನೆ, ಇಲ್ಲಿ ಪಾರಾಗಲ್ಲ. ಪ್ರಾಸದ ಕೆಲಸವೂ ಅಂಥದ್ದೇ. ಚಿಕ್ಕ ಚಿಕ್ಕ ಸಾಲುಗಳು ಒಂದನ್ನೊಂದು ಒತ್ತಿಕೊಂಡು ಬರುತ್ತವೆ, ಎರಡನೇ ಸಲಕ್ಕೆ ನಾವೇ ದನಿ ಸೇರಿಸಿರುತ್ತೇವೆ.

ಮಂದೆ ಕಾಯುವವರನ್ನು ಗೇಲಿ ಮಾಡುವ ಭಾಗ ನನಗೆ ಕೊಂಚ ಸಲೀಸು ಅನ್ನಿಸಿತು. ನಾಯಕರನ್ನು ಬೈಯೋದು ಯಾವತ್ತೂ ಸುಲಭ, ಅಲ್ವಾ? ಆದರೆ ಕಟುಕನ ಮಚ್ಚು ಬಂದಾಗ ಕುರಿಗಳು ಹೆದರುವುದಿಲ್ಲ. ಅದರ ಹೊಳಪಿಗೆ ಮರುಳಾಗುತ್ತವೆ. ಅಲ್ಲಿಗೆ ಬಂದಾಗ ನನಗೆ ನಗು ಬರಲಿಲ್ಲ. ಆ ಮೀಟಿಂಗಿನ ಸ್ಲೈಡುಗಳು ಎಷ್ಟು ಚೆನ್ನಾಗಿದ್ದವು ಅಂತ ನೆನಪಾಯಿತು.

ಕೆಲಸ ಹೋದ ಇಬ್ಬರಲ್ಲಿ ಒಬ್ಬನಿಗೆ ಮರುದಿನ ಫೋನ್ ಮಾಡಿದೆ. ಏನು ಹೇಳಬೇಕೋ ತೋಚದೆ, ಊಟ ಆಯ್ತಾ ಅಂತ ಕೇಳಿದೆ.